ನಲ್ಲಿಯಲ್ಲಿ ಅಲ್ಲ, ಗುಡಿಸಲಿನ ಕ್ಯಾನಿನಲ್ಲಿ: ಮಬಾನ್ ಶಿಬಿರಗಳ ಕುಡಿಯುವ ನೀರು

ಬೆಳಿಗ್ಗೆ ನಲ್ಲಿ ಕಟ್ಟೆಯಲ್ಲಿ ಹಿಡಿದ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ರೋಗಾಣು ಕೊಲ್ಲಲು ಹಾಕಿದ್ದರಲ್ಲಿ ಇನ್ನೂ ಉಳಿದ ಪಾಲು) ಇರುತ್ತದೆ. ಕೈಪಿಡಿಯ ಲೆಕ್ಕಕ್ಕೆ ಅದು ಸರಿಯಾದ ನೀರು. ಅದೇ ನೀರನ್ನು ಸಂಜೆ ಗುಡಿಸಲಿನ ಕ್ಯಾನಿನಿಂದ ತೆಗೆದು ಅಳೆದರೆ ಎಷ್ಟೋ ಸಲ ಸೊನ್ನೆ. ಮಕ್ಕಳ ಹೊಟ್ಟೆಗೆ ಹೋಗುವುದು ಆ ಸಂಜೆಯ ನೀರು. ದಕ್ಷಿಣ ಸುಡಾನಿನ ಮಬಾನ್ ಕೌಂಟಿಯ ನಿರಾಶ್ರಿತರ ಶಿಬಿರಗಳಲ್ಲಿ ನಮ್ಮ ಕೆಲಸವೆಲ್ಲ ಈ ಎರಡು ಅಳತೆಗಳ ನಡುವಿನ ಹತ್ತು ಗಂಟೆಯದು.

2011ರ ಸೆಪ್ಟೆಂಬರಿನಲ್ಲಿ ಸುಡಾನಿನ ಬ್ಲೂ ನೈಲ್ ರಾಜ್ಯದಲ್ಲಿ ಸರ್ಕಾರಿ ಸೇನೆಗೂ ಎಸ್‌ಪಿಎಲ್‌ಎಂ-ಉತ್ತರ ಎಂಬ ಬಂಡುಕೋರ ಬಣಕ್ಕೂ ಯುದ್ಧ ಶುರುವಾಯಿತು. ಅಲ್ಲಿಂದ ಗಡಿ ದಾಟಿ ಮಬಾನ್‌ಗೆ ಬಂದವರು 2012ರ ಮಧ್ಯದ ಹೊತ್ತಿಗೆ ಒಂದು ಲಕ್ಷ ಮೀರಿದರು. ಡೋರೊ, ಜಮಾಮ್, ಯೂಸುಫ್ ಬಾತಿಲ್, ಗೆಂದ್ರಸಾ ಎಂದು ನಾಲ್ಕು ಶಿಬಿರಗಳು ಎದ್ದವು. ನೆಲವೆಲ್ಲ ಎರೆಮಣ್ಣು. ವಿಜಯಪುರ, ಗದಗ, ಕಲಬುರಗಿಯ ಎರೆಹೊಲ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ: ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದ ದಿನ ಗಾಲಿಯೂ ತಿರುಗದ ಅಂಟು. ಜಮಾಮ್‌ನಲ್ಲಿ ಬೋರ್ ಕೊರೆದರೂ ಜನಕ್ಕೆ ಸಾಲುವಷ್ಟು ನೀರು ಸಿಗಲಿಲ್ಲ. ಮಳೆಗಾಲದಲ್ಲಿ ಶಿಬಿರದ ನೆಲವೇ ಮುಳುಗಿತು. ಜನರನ್ನು ಗೆಂದ್ರಸಾಕ್ಕೆ, ಆಮೇಲೆ 2013ರಲ್ಲಿ ಕಾಯಾ ಎಂಬ ಹೊಸ ಜಾಗಕ್ಕೆ ಸಾಗಿಸಬೇಕಾಯಿತು. ಅದರ ನಡುವೆಯೇ ಯಕೃತ್ತಿನ ಸೋಂಕು ಹೆಪಟೈಟಿಸ್-ಇ ಬಂತು. 2013ರ ಜನವರಿ ಕೊನೆಯ ಹೊತ್ತಿಗೆ ನಾಲ್ಕೂ ಶಿಬಿರಗಳಲ್ಲಿ ಕಾಮಾಲೆ ಕಂಡವರ ಸಂಖ್ಯೆ 5 ಸಾವಿರ ದಾಟಿತ್ತು. ಈ ರೋಗ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ. ಆದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸರಿಗೆ ತಗುಲಿದರೆ ನೂರಕ್ಕೆ 20ರಿಂದ 25 ಮಂದಿಯವರೆಗೂ ಸಾಯುತ್ತಾರೆ. ಅದು ಹರಡುವುದು ಮಲ ಬೆರೆತ ನೀರಿನಿಂದ.

ಕೆಲಸ ಶುರುವಾಗುವುದು ತಲೆ ಎಣಿಕೆಯಿಂದ. ಒಬ್ಬರಿಗೆ ದಿನಕ್ಕೆ 15 ಲೀಟರ್ ಎಂಬುದು ಎಲ್ಲರೂ ಒಪ್ಪಿದ ಕನಿಷ್ಠ. ಹತ್ತು ಸಾವಿರ ಜನಕ್ಕೆ ದಿನಕ್ಕೆ 1,50,000 ಲೀಟರ್. ಒಂದು ನಲ್ಲಿಗೆ 250 ಜನ, ಅಂದರೆ 40 ನಲ್ಲಿ. ಆರು ನಲ್ಲಿಗಳ ಕಟ್ಟೆಯಾದರೆ ಏಳು ಕಟ್ಟೆ. ಯಾವ ಗುಡಿಸಲಿನಿಂದಲೂ ಕಟ್ಟೆ 500 ಮೀಟರಿಗಿಂತ ದೂರ ಇರಬಾರದು, ಸಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ಕಾಗದದ ಮೇಲೆ ಇಷ್ಟೇ.

ಆದರೆ ಆ 250ರ ಲೆಕ್ಕದೊಳಗೆ ಒಂದು ಷರತ್ತು ಅಡಗಿದೆ. ನಲ್ಲಿಯಿಂದ ನಿಮಿಷಕ್ಕೆ ಏಳೂವರೆ ಲೀಟರ್ ಬರುತ್ತದೆ ಎಂದಿಟ್ಟುಕೊಂಡರೆ 20 ಲೀಟರಿನ ಕ್ಯಾನು ತುಂಬಲು ಎರಡು ನಿಮಿಷ ನಲವತ್ತು ಸೆಕೆಂಡು. 250 ಜನಕ್ಕೆ ತಲಾ 15 ಲೀಟರ್ ಕೊಡಲು ಆ ನಲ್ಲಿ ಒಂದೇ ಸಮನೆ 8 ಗಂಟೆ 20 ನಿಮಿಷ ಹರಿಯಬೇಕು. ಕ್ಯಾನು ಬದಲಿಸುವ ಹೊತ್ತು ಬೇರೆ. ಡೀಸೆಲ್ ಕೊರತೆಯೆಂದು ಪಂಪನ್ನು ಐದು ಗಂಟೆಗೆ ಇಳಿಸಿದ ದಿನ ನಲ್ಲಿಯ ಸಂಖ್ಯೆ ಅಷ್ಟೇ ಇರುತ್ತದೆ, ವರದಿಯಲ್ಲೂ ಸರಿಯಾಗಿಯೇ ಕಾಣುತ್ತದೆ. ಕಟ್ಟೆಯಲ್ಲಿ ಮಾತ್ರ ಸಾಲು ಕರಗುವುದಿಲ್ಲ. ಕತ್ತಲಾಗುತ್ತದೆ. ಆ ಸಾಲಿನಲ್ಲಿ ನಿಂತವರು ಹೆಂಗಸರು ಮತ್ತು ಹನ್ನೆರಡು ಹದಿಮೂರರ ಹುಡುಗಿಯರು. ಬಂದೂಕು ಕೈಗೆ ಸುಲಭವಾಗಿ ಸಿಗುವ ಊರಿನಲ್ಲಿ ಕತ್ತಲಲ್ಲಿ ಖಾಲಿ ಕ್ಯಾನು ಹಿಡಿದು ನಿಲ್ಲುವುದು, ಇಲ್ಲವೇ ದೂರದ ಹೊಂಡಕ್ಕೆ ಹೊರಡುವುದು, ನೀರಿನ ಕೊರತೆಗಿಂತ ದೊಡ್ಡ ಅಪಾಯ. ಆದ್ದರಿಂದ ನಾವು ನಲ್ಲಿಯನ್ನಷ್ಟೇ ಎಣಿಸದೆ, ಹಗಲಿನಲ್ಲಿ ನಲ್ಲಿ ಹರಿದ ಗಂಟೆಗಳನ್ನೂ ಎಣಿಸುತ್ತೇವೆ. ಟ್ಯಾಂಕುಗಳನ್ನು ಹಿಂದಿನ ರಾತ್ರಿಯೇ ತುಂಬಿಸಿಟ್ಟರೆ ಬೆಳಕು ಹರಿದ ಕೂಡಲೇ ನಲ್ಲಿ ತೆರೆಯಬಹುದು. ಅದೊಂದು ಬದಲಾವಣೆಯಿಂದಲೇ ಸಂಜೆಯ ಸಾಲು ಬಹಳ ಚಿಕ್ಕದಾಗುತ್ತದೆ.

ನೀರಿನ ಮೂಲ ಎರಡು ಬಗೆ. ಬೋರ್‌ವೆಲ್ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ನೇರ ಕ್ಲೋರಿನ್ ಹಾಕಬಹುದು. ಇನ್ನೊಂದು ಹಫೀರ್, ಅಂದರೆ ಮಳೆನೀರು ನಿಲ್ಲಲು ತೋಡಿದ ದೊಡ್ಡ ಹೊಂಡ. ನಮ್ಮ ಕೃಷಿಹೊಂಡದ ಅಣ್ಣನ ಹಾಗೆ. ದನಗಳು ಇಳಿಯುತ್ತವೆ, ದಡದಿಂದ ಮಣ್ಣು ತೊಳೆದು ಬರುತ್ತದೆ. ಆ ನೀರಿನ ಬಗ್ಗಡ ಹಾಲು ಹಾಕಿದ ಚಹಾದ ಬಣ್ಣದ್ದು. ಅಳೆಯಲು ತಳದಲ್ಲಿ ಕಪ್ಪು ಗುರುತಿರುವ ಪಾರದರ್ಶಕ ಕೊಳವೆ ಸಾಕು. ನೀರು ಸುರಿಯುತ್ತಾ ಹೋಗಿ, ಗುರುತು ಕಾಣದಾದ ಎತ್ತರದಲ್ಲಿ ಕೊಳವೆಯ ಮೇಲಿನ ಅಂಕಿ ಓದಬೇಕು. ಬಗ್ಗಡ ಅಳೆಯುವ ಆ ಮಾನದ ಹೆಸರು ಎನ್‌ಟಿಯು. ಕ್ಲೋರಿನ್ ಹಾಕುವ ಮುಂಚೆ ಬಗ್ಗಡ 5 ಎನ್‌ಟಿಯು ಒಳಗೆ ಬರಬೇಕು. ತೀರಾ ಆಪತ್ತಿನ ದಿನಗಳಲ್ಲಿ 20ರವರೆಗೆ ಸಹಿಸಬಹುದು. ಬಗ್ಗಡ ಅದಕ್ಕಿಂತ ಹೆಚ್ಚಿದ್ದರೆ ಹಾಕಿದ ಕ್ಲೋರಿನ್ ಮಣ್ಣಿನ ಪಾಲು. ಮಣ್ಣಿನ ಕಣದೊಳಗೆ ಕೂತ ರೋಗಾಣುವಿಗೆ ಅದು ಮುಟ್ಟುವುದೇ ಇಲ್ಲ.

ಬಗ್ಗಡ ಇಳಿಸಲು ಪಟಿಕ. ಹಳ್ಳಿಗಳಲ್ಲಿ ಕೆಸರುನೀರಿನ ಕೊಡದಲ್ಲಿ ನಾಲ್ಕು ಸುತ್ತು ತಿರುಗಿಸಿ ತೆಗೆಯುತ್ತಿದ್ದ ಅದೇ ಪಟಿಕ. (ನೈಲ್ ದಂಡೆಯ ಸುಡಾನಿ ಹೆಂಗಸರು ಇದೇ ಕೆಲಸಕ್ಕೆ ನುಗ್ಗೆಬೀಜ ಅರೆದು ಹಾಕುತ್ತಾರೆ. ನಮ್ಮಲ್ಲಿ ಕತಕದ ಬೀಜ ತೇಯ್ದು ಹಾಕುತ್ತಿದ್ದರು. ನೀರು ತಿಳಿ ಮಾಡುವುದನ್ನು ಅವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.) ಎಷ್ಟು ಹಾಕಬೇಕೆಂಬುದನ್ನು ಅಂದಾಜಿಗೆ ಬಿಡುವಂತಿಲ್ಲ. ಲೀಟರ್ ನೀರಿಗೆ 10 ಗ್ರಾಂ ಪಟಿಕ ಕರಗಿಸಿ ಶೇಕಡಾ 1ರ ದ್ರಾವಣ ಮಾಡಿಕೊಳ್ಳಿ. ಅದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಪಟಿಕ ಇರುತ್ತದೆ. ಹೊಂಡದ ನೀರನ್ನು ನಾಲ್ಕೈದು ಒಂದು ಲೀಟರಿನ ಪಾತ್ರೆಗಳಿಗೆ ತುಂಬಿ 3, 4, 6, 8, 10 ಮಿಲಿ ಹಾಕಿ. ಮೊದಲ ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ಹದಿನೈದು ನಿಮಿಷ ತೀರಾ ನಿಧಾನಕ್ಕೆ ಕಲಕಿ, ಬಿಡಿ. ಹತ್ತಿಯ ಎಳೆಯಂಥ ಮುದ್ದೆಗಳು ಕಟ್ಟಿಕೊಂಡು ಕೆಳಗಿಳಿಯುತ್ತವೆ. ಎಲ್ಲಕ್ಕಿಂತ ಕಡಿಮೆ ಪಟಿಕದಲ್ಲಿ ತಿಳಿಯಾದ ಪಾತ್ರೆ ಯಾವುದೋ ಅದೇ ಅಂದಿನ ಡೋಸು. ಅದು ಲೀಟರಿಗೆ 60 ಮಿಲಿಗ್ರಾಂ ಎಂದು ಬಂದರೆ 95,000 ಲೀಟರಿನ ಟ್ಯಾಂಕಿಗೆ 5.7 ಕಿಲೋ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಪಟಿಕದ ದ್ರಾವಣವನ್ನು ತುಂಬಿದ ಟ್ಯಾಂಕಿನ ಮೇಲಿಂದ ಸುರಿಯುವುದು. 95 ಸಾವಿರ ಲೀಟರನ್ನು ಕೋಲಿನಿಂದ ಕಲಕಲಾಗುವುದಿಲ್ಲ. ಪಂಪು ಹೊಂಡದಿಂದ ನೀರೆಳೆಯುವ ಕಡೆಯ ಪೈಪಿಗೆ ಸಣ್ಣ ಕೊಳವೆ ಜೋಡಿಸಿ, ನೀರಿನ ಜೊತೆಗೇ ದ್ರಾವಣವನ್ನೂ ಎಳೆಯಲು ಬಿಟ್ಟರೆ ಪಂಪೇ ಕಲಕುತ್ತದೆ. ಟ್ಯಾಂಕಿನ ಒಳಗೋಡೆಗೆ ಓರೆಯಾಗಿ ನೀರು ಬೀಳುವಂತೆ ಪೈಪು ಇಟ್ಟರೆ ನಿಧಾನದ ಸುತ್ತು ತಾನೇ ಹುಟ್ಟುತ್ತದೆ. ರಾತ್ರಿಯಿಡೀ ತಂಗಲು ಬಿಟ್ಟು, ಬೆಳಗಿನ ಜಾವ ಮೇಲಿನ ತಿಳಿನೀರನ್ನಷ್ಟೇ ಇನ್ನೊಂದು ಟ್ಯಾಂಕಿಗೆ ದಾಟಿಸಬೇಕು. ಕ್ಲೋರಿನ್ ಹಾಕುವುದು ಆ ಎರಡನೆಯ ಟ್ಯಾಂಕಿಗೆ. ಒಂದೇ ಟ್ಯಾಂಕಿಗೆ ಎರಡನ್ನೂ ಸುರಿದು ಕೈತೊಳೆದುಕೊಂಡರೆ ಕ್ಲೋರಿನ್ ಕೆಸರಿಗೇ ಮುಗಿದುಹೋಗುತ್ತದೆ.

ಶಿಬಿರದಲ್ಲಿ ಬಳಸುವ ಕ್ಲೋರಿನ್ ಪುಡಿ ಎಚ್‌ಟಿಎಚ್, ಅಂದರೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ನೂರು ಗ್ರಾಂನಲ್ಲಿ 65ರಿಂದ 70 ಗ್ರಾಂ ಕ್ಲೋರಿನ್. ನಮ್ಮ ಪಂಚಾಯಿತಿ ನೀರಗಂಟಿಗಳು ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಹೊಸದಾಗಿದ್ದಾಗ ಸುಮಾರು 30 ಇರುತ್ತದೆ, ಚೀಲ ಬಿಚ್ಚಿಟ್ಟರೆ ವಾರ ವಾರಕ್ಕೂ ಇಳಿಯುತ್ತದೆ. ಪುಡಿಯನ್ನು ನೇರ ಟ್ಯಾಂಕಿಗೆ ಎರಚಬಾರದು. 15 ಗ್ರಾಂ ಎಚ್‌ಟಿಎಚ್‌ಗೆ ಒಂದು ಲೀಟರ್ ನೀರು, 20 ಲೀಟರಿನ ಕ್ಯಾನಿಗೆ 300 ಗ್ರಾಂ: ಇದು ಶೇಕಡಾ 1ರ ಮೂಲ ದ್ರಾವಣ. ಬ್ಲೀಚಿಂಗ್ ಪೌಡರಾದರೆ ಲೀಟರಿಗೆ 33 ಗ್ರಾಂ. ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯಬಾರದು. ಕೈಗವಸು, ಕನ್ನಡಕ, ಮಾಸ್ಕ್ ಬೇಕು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು. ತಳದಲ್ಲಿ ಸುಣ್ಣದಂಥ ಬಿಳಿ ಗಸಿ ಕೂರುತ್ತದೆ. ಅದನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಬೇಕು, ಇಲ್ಲದಿದ್ದರೆ ನಲ್ಲಿಗಳು ಕಟ್ಟಿಕೊಳ್ಳುತ್ತವೆ. ಬಿಸಿಲು ಬೀಳದ, ಮುಚ್ಚಳವಿರುವ ಪ್ಲಾಸ್ಟಿಕ್ ಪಾತ್ರೆಯಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಲೋಹದ ಪಾತ್ರೆ ಕೂಡದು.

ಇನ್ನು ಟ್ಯಾಂಕಿಗೆ ಎಷ್ಟು ದ್ರಾವಣ ಬೇಕೆಂದು ತಿಳಿಯಲು ಬಕೆಟ್ ಪರೀಕ್ಷೆ. ನಾಲ್ಕು ಪ್ಲಾಸ್ಟಿಕ್ ಬಕೆಟ್, ಒಂದೊಂದರಲ್ಲೂ ಅದೇ ಟ್ಯಾಂಕಿನ 20 ಲೀಟರ್ ನೀರು. ಮೂಲ ದ್ರಾವಣವನ್ನು ಸಿರಿಂಜಿನಲ್ಲಿ ಎಳೆದು ಮೊದಲನೆಯದಕ್ಕೆ 2 ಮಿಲಿ, ಉಳಿದವಕ್ಕೆ 4, 6, 8. ಅಂದರೆ ಲೀಟರಿಗೆ 1, 2, 3, 4 ಮಿಲಿಗ್ರಾಂ. ಕಲಕಿ, ಮುಚ್ಚಿ, 30 ನಿಮಿಷ ಕಾಯಬೇಕು. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್ನಿನ ಕಸುವು ಕುಗ್ಗುತ್ತದೆ, ಒಂದು ಗಂಟೆ ಕಾಯುವುದು ಲೇಸು. ಆಮೇಲೆ ಉಳಿದ ಕ್ಲೋರಿನ್ ಅಳೆಯಬೇಕು. ಹಾಕಿದ್ದರಲ್ಲಿ ಒಂದು ಪಾಲನ್ನು ನೀರಿನೊಳಗಿನ ಕೊಳೆ ತಿಂದಿರುತ್ತದೆ, ಆ ಪಾಲು ಮೂಲದಿಂದ ಮೂಲಕ್ಕೆ, ಮಳೆ ಬಿದ್ದ ದಿನದಿಂದ ಬೀಳದ ದಿನಕ್ಕೆ ಬೇರೆ. ಎರಡನೇ ಬಕೆಟ್ಟಿನಲ್ಲಿ, ಅಂದರೆ 4 ಮಿಲಿಯದರಲ್ಲಿ, ನಮಗೆ ಬೇಕಾದಷ್ಟು ಉಳಿದಿದೆ ಎಂದುಕೊಳ್ಳಿ. 95,000 ಲೀಟರಿಗೆ ಮೂಲ ದ್ರಾವಣ 19 ಲೀಟರ್. ಒಣ ಪುಡಿಯ ಲೆಕ್ಕದಲ್ಲಿ ಸುಮಾರು 270 ಗ್ರಾಂ. ಹತ್ತು ಸಾವಿರ ಲೀಟರಿನ ಟ್ಯಾಂಕರಿಗೆ 2 ಲೀಟರ್ ದ್ರಾವಣ.

ಅಳತೆಯ ಸಲಕರಣೆ ಅಂಗೈಯಷ್ಟು ದೊಡ್ಡ ಪಾರದರ್ಶಕ ಡಬ್ಬಿ. ಒಂದು ಕೋಣೆಗೆ ಕ್ಲೋರಿನ್ ತೋರಿಸುವ ಡಿಪಿಡಿ 1 ಮಾತ್ರೆ, ಇನ್ನೊಂದಕ್ಕೆ ಪಿಎಚ್ ನೋಡುವ ಫಿನಾಲ್ ರೆಡ್ ಮಾತ್ರೆ. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ, ಪಕ್ಕದ ಬಣ್ಣಪಟ್ಟಿಗೆ ಹೋಲಿಸಿ ಓದಬೇಕು. ಮಾತ್ರೆಯನ್ನು ಬೆರಳಿನಿಂದ ಮುಟ್ಟಬಾರದು. ಕರಗಿದ ಕೂಡಲೇ ಓದಬೇಕು. ಬಿಟ್ಟರೆ ಬಣ್ಣ ಏರುತ್ತಾ ಹೋಗಿ ಇಲ್ಲದ ಕ್ಲೋರಿನ್ ಇದ್ದಂತೆ ಕಾಣುತ್ತದೆ. ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಕ್ಲೋರಿನ್ ತೀರಾ ಹೆಚ್ಚಾಗಿದ್ದರೆ ಅದು ಗುಲಾಬಿ ಬಣ್ಣವನ್ನೇ ಅಳಿಸಿಬಿಡುತ್ತದೆ. ನೀರು ಬಣ್ಣವಿಲ್ಲದೆ ಕಾಣುತ್ತದೆ, ಓದುವವರು ಸೊನ್ನೆ ಎಂದು ಬರೆದು ಇನ್ನಷ್ಟು ಸುರಿಯುತ್ತಾರೆ. ಮಾತ್ರೆ ಹಾಕಿದಾಗ ಒಂದು ಕ್ಷಣ ಗುಲಾಬಿ ಮಿಂಚಿ ಮಾಯವಾದರೆ, ಅಥವಾ ಮೂಗಿಗೆ ಘಾಟು ಬಡಿದರೆ, ಆ ನೀರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರನ್ನು ಹತ್ತರಷ್ಟು ಬೆರೆಸಿ ಮತ್ತೆ ಅಳೆಯಬೇಕು.

ನಲ್ಲಿಯಲ್ಲಿ ಎಷ್ಟು ಉಳಿದಿರಬೇಕು? ಬಹಳ ಕಾಲ ಎಲ್ಲರೂ ಹೇಳುತ್ತಿದ್ದದ್ದು 0.2ರಿಂದ 0.5. ಆ ಅಂಕಿ ಪೈಪಿನಲ್ಲಿ ನೀರು ಬರುವ ಪಟ್ಟಣಗಳ ಪದ್ಧತಿಯಿಂದ ಬಂದದ್ದು. ಅಲ್ಲಿ ನಲ್ಲಿ ತಿರುಗಿಸಿದವರು ಅಲ್ಲೇ ಕುಡಿಯುತ್ತಾರೆ. ಶಿಬಿರದಲ್ಲಿ ನೀರು ಕ್ಯಾನಿಗಿಳಿದು, ತಲೆಯ ಮೇಲೆ ನಡೆದು, ಗುಡಿಸಲಿನ ಮೂಲೆ ಸೇರಿ, ಒಂದೊಂದು ಲೋಟವಾಗಿ ಖರ್ಚಾಗುತ್ತದೆ. 2013ರಲ್ಲಿ ಜಮಾಮ್, ಬಾತಿಲ್, ಗೆಂದ್ರಸಾದಲ್ಲೇ ನಲ್ಲಿಯಿಂದ ಗುಡಿಸಲಿನವರೆಗೆ ಅದೇ ನೀರನ್ನು ಹಿಂಬಾಲಿಸಿ ಅಳೆದಾಗ ಸ್ಪಷ್ಟವಾಯಿತು: ಹತ್ತು ಗಂಟೆಯ ನಂತರವೂ ಕನಿಷ್ಠ 0.2 ಉಳಿಯಬೇಕಾದರೆ ನಲ್ಲಿಯಲ್ಲಿ 1.0 ಬೇಕು. ಬಿಸಿಲಿನಲ್ಲಿಟ್ಟ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಸೆಕೆ ಏರಿದಷ್ಟೂ ಇನ್ನೂ ಬೇಗ. ಇಷ್ಟು ಸರಳವಾದ ಅಳತೆ ಸಾಂಕ್ರಾಮಿಕ ಬಂದಮೇಲೆ ನಡೆಯಿತಲ್ಲ ಎಂಬ ನೋವು ನಮಗಿದೆ. ಅಂದಿನಿಂದ ದಿನಾ ಬೆಳಿಗ್ಗೆ ಕೆಲವು ಕ್ಯಾನುಗಳಿಗೆ ಬಣ್ಣದ ದಾರ ಕಟ್ಟಿ, ತುಂಬಿದ ಗಂಟೆ ಬರೆದುಕೊಂಡು, ಸಂಜೆ ಆ ಗುಡಿಸಲುಗಳಿಗೆ ಹೋಗಿ ಅದೇ ನೀರನ್ನು ಅಳೆಯುವುದು ಕೆಲಸದ ಭಾಗವಾಯಿತು.

1.0ಕ್ಕೆ ಏರಿಸಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ವಾಸನೆ ಬರುತ್ತದೆ. ಹೊಂಡದ ನೀರು ಕುಡಿದು ಬೆಳೆದವರಿಗೆ ಅದು ಔಷಧಿಯ ವಾಸನೆ, ಕೆಲವರಿಗೆ ವಿಷದ ಅನುಮಾನ. ಬಾಂಬಿನಿಂದ ಓಡಿ ಬಂದವರು ಗುರುತಿಲ್ಲದವರು ಬೆರೆಸಿದ ಪುಡಿಯನ್ನು ನಂಬಬೇಕೆಂದು ನಿರೀಕ್ಷಿಸುವುದಾದರೂ ಹೇಗೆ? ಒಮ್ಮೆಲೇ 0.4ರಿಂದ 1.0ಕ್ಕೆ ಹಾರಿದರೆ ಜನ ಹಫೀರಿಗೆ ಮರಳುತ್ತಾರೆ, ಅಲ್ಲಿಗೆ ಕ್ಲೋರಿನ್ನಿನ ಉದ್ದೇಶವೇ ಮುಗಿಯಿತು. ಎರಡು ಮೂರು ದಿನಕ್ಕೆ 0.2ರಂತೆ ಏರಿಸಬೇಕು. ಏರಿಸುವ ಮುಂಚೆ ಶೇಖ್ ಎಂದು ಕರೆಯುವ ಸಮುದಾಯದ ಮುಖಂಡರನ್ನೂ ಸೂಲಗಿತ್ತಿಯರನ್ನೂ ಕಟ್ಟೆಗೆ ಕರೆದು, ಬಕೆಟ್ ಪರೀಕ್ಷೆಯನ್ನು ಅವರ ಮುಂದೆಯೇ ಮಾಡಿ, ಮೊದಲ ಲೋಟ ನಾವೇ ಕುಡಿಯಬೇಕು. ಮುಂಜಾನೆ ತುಂಬಿದ ನೀರನ್ನು ಅರ್ಧ ಗಂಟೆ ಬಿಟ್ಟು ಕುಡಿದರೆ ವಾಸನೆ ಕಡಿಮೆ ಎಂಬುದನ್ನು ಸೂಲಗಿತ್ತಿ ಹೇಳಿದರೆ ನಡೆಯುತ್ತದೆ. ನಮ್ಮ ಪೋಸ್ಟರಿಗೆ ಆ ಬಲವಿಲ್ಲ.

ಕ್ಯಾನುಗಳದ್ದು ಇನ್ನೊಂದು ಕಥೆ. ಎಣ್ಣೆ ಬಂದ ಹಳದಿ ಕ್ಯಾನು, ಕಿರಿದಾದ ಬಾಯಿ, ಒಳಗೆ ಕೈ ಹೋಗುವುದಿಲ್ಲ, ಗೋಡೆಗೆ ಹಸಿರು ಲೋಳೆ. ಆ ಲೋಳೆಯೇ ಕ್ಲೋರಿನ್ ತಿನ್ನುತ್ತದೆ. ಒಂದು ಲೀಟರ್ ನೀರಿಗೆ 50 ಮಿಲಿ ಮೂಲ ದ್ರಾವಣ, ಒಂದು ಹಿಡಿ ಸಣ್ಣ ಜಲ್ಲಿಕಲ್ಲು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ ಚೆಲ್ಲಿ, ಎರಡು ಸಲ ತೊಳೆಯಬೇಕು. ಎರೆಭೂಮಿಯಲ್ಲಿ ಕಲ್ಲು ಸಿಗುವುದಿಲ್ಲ. ಈ ಒಂದು ಕೆಲಸಕ್ಕೆಂದೇ ಜಲ್ಲಿಯನ್ನು ಲಾರಿಯಲ್ಲಿ ತರಿಸಬೇಕು, ಮಳೆಗಾಲಕ್ಕೆ ಮುಂಚೆ. ಪ್ರತಿ ಬಡಾವಣೆಗೆ ವಾರದಲ್ಲಿ ಒಂದು ತೊಳೆಯುವ ದಿನ. ಇನ್ನೂ ದಾರಿಯಲ್ಲೇ ಇರುವ, ಶಿಬಿರ ಸೇರದ ಕುಟುಂಬಗಳಿಗೆ ಟ್ಯಾಂಕಿನ ಲೆಕ್ಕವೇ ಹೊಂದದು. ಅವರಿಗೆ 20 ಲೀಟರಿಗೆ ಒಂದರಂತೆ 67 ಮಿಲಿಗ್ರಾಂ ಕ್ಲೋರಿನ್ ಮಾತ್ರೆ, ಜೊತೆಗೆ ಸೋಸಲು ಒಂದು ಬಟ್ಟೆ. 2023ರ ಏಪ್ರಿಲಿನಲ್ಲಿ ಖಾರ್ಟೂಮಿನಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಉತ್ತರದ ರೆಂಕ್ ಪಟ್ಟಣದ ದಾರಿಯಲ್ಲಿ ಗಡಿ ದಾಟಿ ಬಂದವರಿಗೆ ಬೇಕಾದದ್ದೂ ಇದೇ.

ದಾಸ್ತಾನಿನ ಲೆಕ್ಕವನ್ನು ಏಪ್ರಿಲಿನೊಳಗೆ ಮುಗಿಸಬೇಕು. ಹತ್ತು ಸಾವಿರ ಜನಕ್ಕೆ, ಲೀಟರಿಗೆ 2 ಮಿಲಿಗ್ರಾಂ ಡೋಸಿನಂತೆ, ಎಚ್‌ಟಿಎಚ್ ದಿನಕ್ಕೆ 430 ಗ್ರಾಂ. ಆರು ತಿಂಗಳ ಮಳೆಗಾಲಕ್ಕೆ 77 ಕಿಲೋ. ಕ್ಯಾನು, ಟ್ಯಾಂಕು, ಆಸ್ಪತ್ರೆ ತೊಳೆಯಲು ಇನ್ನೊಂದಷ್ಟೇ ಇಡಬೇಕು. ಪಟಿಕ ಮಾತ್ರ ದಿನಕ್ಕೆ 9 ಕಿಲೋದಂತೆ 1,600 ಕಿಲೋ ದಾಟುತ್ತದೆ, ಉಗ್ರಾಣ ತುಂಬುವುದು ಅದೇ. ಎಚ್‌ಟಿಎಚ್ ಅಪಾಯಕಾರಿ ಸರಕು. ರಸ್ತೆ ಮುಚ್ಚಿದ ಮೇಲೆ ವಿಮಾನದಲ್ಲಿ ತರಿಸೋಣವೆಂದರೆ ಅದರ ಪ್ಯಾಕಿಂಗ್ ನಿಯಮವೇ ವಾರಗಟ್ಟಲೆ ತಿನ್ನುತ್ತದೆ. ಡೀಸೆಲ್, ಎಣ್ಣೆ, ಬ್ರೇಕ್ ಆಯಿಲ್ ಇರುವ ಕೋಣೆಯಲ್ಲಿ ಅದನ್ನು ಇಡಬಾರದು. ಎಣ್ಣೆ ತಗುಲಿದರೆ ಬೆಂಕಿ ತಾನೇ ಹೊತ್ತುತ್ತದೆ. ಜನರೇಟರ್ ಶೆಡ್ಡಿಗೆ ಬೀಗ ಇದೆಯೆಂದು ಅಲ್ಲೇ ಡ್ರಮ್ಮು ಪೇರಿಸುವ ತಪ್ಪು ಮತ್ತೆ ಮತ್ತೆ ಆಗುತ್ತದೆ.

ಪೈಪು ಎಳೆಯುವಾಗ ಸ್ಥಳೀಯ ಮಬಾನ್ ಹಳ್ಳಿಗಳಿಗೂ ನಲ್ಲಿ ಕೊಡಬೇಕು. ಒಂದು ಲಕ್ಷ ಜನ ಬಂದಿಳಿದಾಗ ಸೌದೆ, ಹುಲ್ಲು, ನೀರು ಮೂರಕ್ಕೂ ಹಂಚಿಕೆಯ ಜಗಳ ಶುರುವಾಗುತ್ತದೆ. ಶಿಬಿರಕ್ಕೆ ಮಾತ್ರ ನೀರು ಹರಿದರೆ ಪೈಪು ಕಡಿದುಹೋಗಲು ಹೆಚ್ಚು ದಿನ ಬೇಕಿಲ್ಲ. ಜಿನೀವಾ ಒಪ್ಪಂದಗಳ 1977ರ ಎರಡನೇ ಪ್ರೋಟೊಕಾಲಿನ 14ನೇ ವಿಧಿ ಅಂತರ್ಯುದ್ಧದಲ್ಲೂ ಕುಡಿಯುವ ನೀರಿನ ವ್ಯವಸ್ಥೆಯ ಮೇಲೆ ದಾಳಿ ಮಾಡಬಾರದೆನ್ನುತ್ತದೆ. ಅದನ್ನು ಎಲ್ಲ ಬಣಗಳ ಕಮಾಂಡರುಗಳಿಗೂ ಹೇಳಬೇಕು, ಬಂದೂಕು ಹಿಡಿದವರಿಗೆ ನಲ್ಲಿ ಕಟ್ಟೆಯ ಒಳಗೆ ಪ್ರವೇಶವಿಲ್ಲವೆಂಬ ಚಿತ್ರವನ್ನು ಪ್ರತಿ ಬೇಲಿಗೂ ಕಟ್ಟಬೇಕು.

ಆದರೂ ಎಲ್ಲರೂ ಹೊರಡಬೇಕಾದ ದಿನಗಳು ಬರುತ್ತವೆ. 2014ರ ಆಗಸ್ಟಿನಲ್ಲಿ ಮಬಾನಿನಲ್ಲಿ ನುಯೆರ್ ಸಮುದಾಯದ ನೆರವು ಕಾರ್ಯಕರ್ತರನ್ನು ಅವರು ನುಯೆರ್ ಎಂಬ ಕಾರಣಕ್ಕೇ ಕೊಂದರು. ಅಂಥ ದಿನ ಹೊರಗಿನಿಂದ ಬಂದವರು ವಾಪಸಾಗುತ್ತಾರೆ, ನೀರು ಕುಡಿಯುವವರು ಅಲ್ಲೇ ಉಳಿಯುತ್ತಾರೆ. ಆದ್ದರಿಂದ ಪಂಪು ನಡೆಸುವುದನ್ನೂ ಡೋಸು ಹಾಕುವುದನ್ನೂ ನಿರಾಶ್ರಿತರ ಕೈಯಲ್ಲೇ ಮೊದಲಿನಿಂದ ಬಿಟ್ಟಿರಬೇಕು. ತಕ್ಕಡಿ ಕೆಡಬಹುದು, ಲೆಕ್ಕ ಬಲ್ಲವರು ಆ ದಿನ ಸಿಗದಿರಬಹುದು. ಅದಕ್ಕೆಂದೇ ಬಿಗಿ ಮುಚ್ಚಳದ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತಲಾ 270 ಗ್ರಾಂ ಎಚ್‌ಟಿಎಚ್ ತೂಗಿ ಇಟ್ಟಿರುತ್ತೇವೆ: ಒಂದು ಡಬ್ಬಿ ಒಂದು ಕ್ಯಾನು ನೀರಿಗೆ, ಆ ಕ್ಯಾನಿನ ತಿಳಿ ಒಂದು ದೊಡ್ಡ ಟ್ಯಾಂಕಿಗೆ. ಕಾಗದದಲ್ಲಿ, ಬಟ್ಟೆಯಲ್ಲಿ ಕಟ್ಟುವುದಿಲ್ಲ. ಡಬ್ಬಿಯ ಮೇಲೆ ಅಕ್ಷರದ ಬದಲು ಟ್ಯಾಂಕಿನ ಚಿತ್ರ, ತುಂಬಿದ ದಿನಾಂಕ. 30 ದಿನ ದಾಟಿದ ಡಬ್ಬಿಯನ್ನು ಕ್ಯಾನು ತೊಳೆಯಲು ಕೊಟ್ಟು, ಹೊಸದು ತುಂಬಿ ಅದೇ ಕಪಾಟಿಗೆ ಇಡುತ್ತೇವೆ.